ಬಹಿಷ್ಕಾರಕ್ಕೊಳಗಾದ ಕಥೆಗಾರನನ್ನು ನಾವು ಓದಬೇಕೇ?



ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಶಾಲೆಯ ಪುಸ್ತಕ ಮರಾಠಿ. ಹಾಗಾಗಿ ಕನ್ನಡದಲ್ಲಿ ಕಥೆ ಓದುವ ರೂಢಿ ನಮಗೆ ಕಡಿಮೆ. ಯುವಜನರ ಕೂಟದಲ್ಲಿ ತಿಂಗಳಿಗೊಂದು ಕಥೆ ಓದೋಣ, ಟಾಲ್‌ಸ್ಟಾಯ್ ಅವರಿಂದ ಶುರು ಮಾಡೋಣ ಎಂದಾಗ ಹಿರಿಯರೊಬ್ಬರು, "ಅವರನ್ನು ಧರ್ಮಸಭೆಯಿಂದ ಹೊರಗೆ ಹಾಕಿದ್ದರಲ್ಲಪ್ಪಾ?" ಎಂದರು. ಕೇಳಬೇಕಾದ ಪ್ರಶ್ನೆಯೇ.

ಹೌದು, 1901ರಲ್ಲಿ ರಷ್ಯಾದ ಆರ್ಥೊಡಾಕ್ಸ್ ಧರ್ಮಸಭೆ ಅವರು ತನ್ನವರಲ್ಲವೆಂದು ಸಾರಿತು. ಕ್ರಿಸ್ತರ ದೈವತ್ವವನ್ನೂ ಅದ್ಭುತಗಳನ್ನೂ ಅವರು ಒಪ್ಪಿರಲಿಲ್ಲ. ಇದರಲ್ಲಿ ನಾವು ಅವರ ಹಿಂದೆ ಹೋಗಲಾರೆವು. ಮನೆಯಲ್ಲೂ ಅವರು ಸಂತರಾಗಿರಲಿಲ್ಲ. 13 ಮಕ್ಕಳನ್ನು ಹೆತ್ತು, ಅವರ ಹಸ್ತಪ್ರತಿಗಳನ್ನು ಮತ್ತೆ ಮತ್ತೆ ನಕಲು ಮಾಡಿಕೊಟ್ಟ ಪತ್ನಿ ಸೋಫಿಯಾ ಪಟ್ಟ ನೋವು ಸಣ್ಣದಲ್ಲ. 1910ರಲ್ಲಿ, 82ರ ವಯಸ್ಸಿನಲ್ಲಿ, ಅವರು ಮನೆ ಬಿಟ್ಟು ಹೊರಟು ಅಸ್ತಾಪೊವೊ ರೈಲು ನಿಲ್ದಾಣದಲ್ಲಿ ತೀರಿಕೊಂಡರು.

ಆದರೂ ಓದಬೇಕು ಎನ್ನುತ್ತೇವೆ.

1885ರ ಒಂದು ಕಥೆಯಲ್ಲಿ ಬೂಟು ಹೊಲಿಯುವ ಮಾರ್ಟಿನ್, ಪ್ರಭು ನಾಳೆ ಬರುತ್ತಾರೆಂದು ನಂಬಿ ಕಿಟಕಿಯ ಬಳಿ ಕಾಯುತ್ತಾನೆ. ಬರುವವರು ಹಿಮ ಗುಡಿಸುವ ಮುದುಕ, ಚಳಿಗೆ ನಡುಗುವ ತಾಯಿ-ಮಗು, ಸೇಬು ಮಾರುವ ಅಜ್ಜಿ. ಅವರಿಗೆ ಚಹಾ, ಊಟ, ಬಟ್ಟೆ ಕೊಡುವುದರಲ್ಲೇ ದಿನ ಮುಗಿಯುತ್ತದೆ. ಪ್ರಭು ಬಂದಿದ್ದು ಅವರ ರೂಪದಲ್ಲೇ ಎಂದು ರಾತ್ರಿ ತಿಳಿಯುತ್ತದೆ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯವನ್ನು ಇದಕ್ಕಿಂತ ಸರಳವಾಗಿ ಮಕ್ಕಳಿಗೆ ಹೇಳುವುದು ಕಷ್ಟ.

ಇದು ಬರೀ ಬರಹವಲ್ಲ. 1891-92ರ ಬರಗಾಲದಲ್ಲಿ ಟಾಲ್‌ಸ್ಟಾಯ್ ತಾವೇ ಹಳ್ಳಿಗಳಿಗೆ ಹೋಗಿ, ಹೆಣ್ಣುಮಕ್ಕಳ ಜೊತೆ ಸೇರಿ ಗಂಜಿಕೇಂದ್ರ ತೆರೆದರು. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನು ಕಂಡ ನಮ್ಮ ಹಿರಿಯರಿಗೆ, ಅಪರಿಚಿತರು ತಂದುಕೊಟ್ಟ ತುತ್ತಿನ ಬೆಲೆ ಗೊತ್ತು.

ಇನ್ನೊಂದು ಕಥೆ ನಮ್ಮ ಹೊಲದ್ದೇ ಅನಿಸುತ್ತದೆ. ಸೂರ್ಯ ಮುಳುಗುವುದರೊಳಗೆ ಎಷ್ಟು ನಡೆದು ಸುತ್ತಿ ಬಂದರೆ ಅಷ್ಟು ಭೂಮಿ ನಿನ್ನದು ಎಂದಾಗ ಪಾಹೋಮ್ ಆಸೆಗೆ ಬಿದ್ದು ಓಡಿ ಓಡಿ ಸಾಯುತ್ತಾನೆ. ಕೊನೆಗೆ ಸಿಕ್ಕಿದ್ದು ಗುಂಡಿಯಷ್ಟೇ ನೆಲ. ನಮ್ಮ ಎರೆಹೊಲಗಳಲ್ಲಿ ಒಂದು ಬದುವಿಗಾಗಿ ಮಾತು ಬಿಟ್ಟ ಅಣ್ಣ-ತಮ್ಮಂದಿರಿಲ್ಲವೇ? ಭಾನುವಾರ ಒಂದೇ ಪೀಠದ ಮುಂದೆ ಮೊಣಕಾಲೂರುತ್ತೇವೆ, ಸೋಮವಾರ ಕೋರ್ಟಿನ ಮೆಟ್ಟಿಲು ಹತ್ತುತ್ತೇವೆ. ಬಹಿಷ್ಕಾರಕ್ಕೊಳಗಾದವರು ಬರೆದ ಕಥೆ ಒಳಗಿರುವ ನಮ್ಮನ್ನು ಪ್ರಶ್ನಿಸುತ್ತಿದೆ.

ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇವರನ್ನು ಮಹರ್ಷಿ ಎಂದು ಕರೆದು ಒಂದು ಕಥೆಯನ್ನೇ ಬರೆದರು. ನಾವು ಅಷ್ಟು ದೂರ ಹೋಗಬೇಕಿಲ್ಲ. ವಿಶ್ವಾಸವನ್ನು ಧರ್ಮಸಭೆಯಿಂದ ಕಲಿಯೋಣ, ಆ ವಿಶ್ವಾಸದಂತೆ ಬಾಳುತ್ತಿದ್ದೇವೆಯೇ ಎಂದು ನೋಡಿಕೊಳ್ಳಲು ಈ ಕಥೆಗಳನ್ನು ಕನ್ನಡಿಯಾಗಿ ಹಿಡಿಯೋಣ.

ಮುಂದಿನ ಕೂಟದಲ್ಲಿ ಪಾಹೋಮನ ಕಥೆಯನ್ನು ಜೋರಾಗಿ ಓದುತ್ತೇವೆ. ಪ್ರಶ್ನೆ ಕೇಳಿದ ಹಿರಿಯರೂ ಬರಲೊಪ್ಪಿದ್ದಾರೆ. ನೀವೂ ಬನ್ನಿ. ಮಾತು ಬಿಟ್ಟ ಅಣ್ಣನೋ ತಮ್ಮನೋ ಇದ್ದರೆ, ಅವರನ್ನೂ ಕರೆತನ್ನಿ.