ಎಲೆ ಎತ್ತದೆ ಬಡಿಸುವ ವಿದ್ಯೆ

ಮದುವೆಯ ಪಂಕ್ತಿಯಲ್ಲಿ ಕುಳಿತವರೊಬ್ಬರು ಇನ್ನೊಂದು ಸೌಟು ಸಾರು ಕೇಳಿದರೆಂದು ಭಾವಿಸೋಣ. ಬಡಿಸುವವನು ಸಾರು ತರುವ ಬದಲು ಎಲೆಯನ್ನೇ ಎತ್ತಿ, ಹೊಸ ಎಲೆ ಹಾಕಿ, ಉಪ್ಪು ಕೋಸಂಬರಿಗಳಿಂದ ಮೊದಲುಗೊಂಡು ಮತ್ತೆ ಬಡಿಸತೊಡಗಿದರೆ ಏನೆನ್ನಬೇಕು? ನಮ್ಮ ಎಷ್ಟೋ ಜಾಲತಾಣಗಳು ಇಂದಿಗೂ ಮಾಡುತ್ತಿರುವುದು ಇದನ್ನೇ. ಜಿಲ್ಲೆಯನ್ನು ಆರಿಸಿದೊಡನೆ ತಾಲ್ಲೂಕುಗಳ ಪಟ್ಟಿಯಷ್ಟೇ ಬರಬೇಕಾದಲ್ಲಿ, ಪುಟವೆಲ್ಲ ಬಿಳಿಚಿಕೊಂಡು ಮೊದಲಿನಿಂದ ತೆರೆದುಕೊಳ್ಳುತ್ತದೆ.

ಇದಕ್ಕೆ ಮದ್ದು ಇಲ್ಲದಿಲ್ಲ. 1999ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಒಂದು ಸಣ್ಣ ಸಲಕರಣೆಯನ್ನು ಹೊರತಂದಿತು. ಅದರ ನೆರವಿನಿಂದ ಬ್ರೌಸರು, ಪುಟ ಇದ್ದಂತೆಯೇ ಇರಲು, ಸರ್ವರಿಗೆ ಒಂದು ಪ್ರಶ್ನೆ ಕಳುಹಿಸಿ, ಉತ್ತರ ಬಂದಾಗ ಬೇಕಾದ ಭಾಗವನ್ನು ಮಾತ್ರ ಬದಲಿಸಬಲ್ಲದು. ಅಷ್ಟು ಹೊತ್ತೂ ನಾವು ಮುಂದಿನ ಕಾಲಂ ತುಂಬುತ್ತಿರಬಹುದು. ಅಸಮಕಾಲಿಕ ಸಂವಹನವೆಂಬುದು ಇದಕ್ಕೆ ಪಂಡಿತರಿಟ್ಟ ಹೆಸರು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಭೂಪಟ ಈ ಬಲದಿಂದಲೇ ಜನರನ್ನು ಬೆರಗುಗೊಳಿಸಿದವು. ಅದೇ 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಇದನ್ನು ‘ಏಜಾಕ್ಸ್’ ಎಂದು ಕರೆದರು. ಕನ್ನಡ ವಿಕಿಪೀಡಿಯದ ಹುಡುಕು ಪೆಟ್ಟಿಗೆಯಲ್ಲಿ ‘ಮೈಸೂ’ ಎನ್ನುವಷ್ಟರಲ್ಲಿಯೇ ಲೇಖನಗಳ ಹೆಸರುಗಳು ಸಾಲುಗಟ್ಟುವುದನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಡ.

ಬಿ.ಎ. ಓದುವವನಿಗೆ ಈ ಯಂತ್ರವಿದ್ಯೆಯ ಗೊಡವೆ ಏಕೆಂದು ಮಾನ್ಯ ಅಧ್ಯಾಪಕರು ಕೇಳಬಹುದು. ವಿದ್ಯಾರ್ಥಿವೇತನದ ಕಾಲದಲ್ಲಿ ನಮ್ಮ ವಿಜಯನಗರದ ಸೈಬರ್ ಅಂಗಡಿಗಳ ಮುಂದೆ ನಿಂತವರನ್ನು ಅವರು ಒಮ್ಮೆ ನೋಡಬೇಕು. ಬಹುಮಂದಿ, ನನ್ನಂತೆ, ಮನೆಗೆ ಮೊದಲ ಪದವೀಧರರಾಗಲಿರುವವರು. ಪಕ್ಕದಲ್ಲಿ ಕೂಲಿ ಬಿಟ್ಟು ಬಂದ ತಂದೆಯೋ ತಾಯಿಯೋ ಇರುತ್ತಾರೆ. ಏಕೆಂದರೆ ಓಟಿಪಿ ಬರುವುದು ಅವರ ಮೊಬೈಲಿಗೆ. ನಾನು ಅರ್ಜಿ ಹಾಕಿದ ತಾಣವೊಂದು—ಹೆಸರು ಬೇಡ—ಕಾಲಂಗಳನ್ನೆಲ್ಲ ತುಂಬಿಸಿಕೊಂಡು, ‘ಸಲ್ಲಿಸು’ ಎಂದು ಒತ್ತಿದ ಮೇಲೆ, ಆದಾಯ ಪ್ರಮಾಣಪತ್ರದಲ್ಲಿಯೂ ಆಧಾರಿನಲ್ಲಿಯೂ ಇನಿಷಿಯಲ್ ಬೇರೆ ಬೇರೆ ಇದೆಯೆಂದು ಹೇಳಿ ಬರೆದುದನ್ನೆಲ್ಲ ಅಳಿಸಿಬಿಟ್ಟಿತು. ನಮ್ಮಪ್ಪ ಅಂದು ಗಾರೆ ಕೆಲಸಕ್ಕೆ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬರೆದೊಡನೆಯೇ ಆ ಒಂದು ಕಾಲಂ ಅನ್ನು ಸರ್ವರಿನಲ್ಲಿ ಪರಿಶೀಲಿಸಿದ್ದರೆ ಐದು ನಿಮಿಷದಲ್ಲಿ ತಿಳಿಯಬಹುದಾಗಿದ್ದ ಸಂಗತಿ ಇದು!

‘ಸರ್ವರ್ ಬಿಜಿ’ ಎಂಬ ಉತ್ತರ ನಮಗೆಲ್ಲ ಕಂಠಪಾಠವಾಗಿದೆ. ತಾಲ್ಲೂಕಿನ ಹೆಸರಿಗಾಗಿ ಇಡೀ ಪುಟವನ್ನು ಸಾವಿರಾರು ಜನರಿಗೆ ಮತ್ತೆ ಮತ್ತೆ ಕಳುಹಿಸುತ್ತಿದ್ದರೆ ಅದಕ್ಕೆ ಬಿಡುವಾದರೂ ಎಲ್ಲಿಂದ ಬರಬೇಕು?

ಹಾಗೆಂದು ಈ ವಿದ್ಯೆಯೇ ಸರ್ವರೋಗಕ್ಕೂ ಔಷಧಿಯಲ್ಲ. ತೆರೆಮರೆಯಲ್ಲಿ ನಡೆಯುವ ಕೆಲಸ ತೆರೆಮರೆಯಲ್ಲಿಯೇ ಕೆಡಬಹುದು. ಸಂಪರ್ಕ ಕಡಿದುಹೋದರೂ ಪುಟ ಏನೂ ಆಗದಂತೆ ಸುಮ್ಮನಿದ್ದರೆ, ಅರ್ಜಿ ಸೇರಿತೆಂದು ಹುಡುಗಿಯೊಬ್ಬಳು ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಕೊನೆಯ ದಿನಾಂಕ ಕಳೆದ ಮೇಲೆ ಗೊತ್ತಾಗುತ್ತದೆ. ಗುಂಡಿ ಒತ್ತಿದ ಗುರುತೇ ಕಾಣದೆ ಎರಡನೆಯ ಸಲ ಒತ್ತಿದರೆ ಶುಲ್ಕ ಎರಡು ಸಲ ಕಡಿತವಾಗುವ ಭಯವೂ ಉಂಟು. ಆದುದರಿಂದ ‘ಉಳಿಸಲಾಗುತ್ತಿದೆ’, ‘ಉಳಿಯಿತು’, ‘ಸಂಪರ್ಕವಿಲ್ಲ, ನೀವು ಬರೆದದ್ದು ಹೋಗಿಲ್ಲ’ ಎಂಬ ಮಾತುಗಳು ತೆರೆಯ ಮೇಲೆ ಕನ್ನಡದಲ್ಲಿಯೇ ಕಾಣತಕ್ಕದ್ದು.

ಇಂತಹ ತಾಣಗಳನ್ನು ಕಟ್ಟಿಸುವ ಇಲಾಖೆಗಳು, ಗುತ್ತಿಗೆದಾರನಿಗೆ ಹಣ ಕೊಡುವುದಕ್ಕೆ ಮುನ್ನ, ನಮ್ಮಂತಹ ಕಾಲೇಜಿನ ನಾಲ್ಕು ಮಂದಿಯನ್ನು ಕರೆದು, ಅಗ್ಗದ ಮೊಬೈಲಿನಲ್ಲಿ, ಸಂಪರ್ಕವನ್ನು ನಡುವೆ ಒಮ್ಮೆ ಕತ್ತರಿಸಿ, ಅರ್ಜಿ ತುಂಬಿಸಿ ನೋಡಲಿ. ನಾವು ಸಂಭಾವನೆ ಕೇಳುವುದಿಲ್ಲ.