ವಾಗ್ದಾನ ಕಾರ್ಡೋ, ಗಿಳಿಶಾಸ್ತ್ರವೋ?

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಎಷ್ಟೋ ಸಭೆಗಳಲ್ಲಿ ವಾಗ್ದಾನದ ಕಾರ್ಡ್ ತೆಗೀತೀವಿ. ಯೆರೆಮೀಯ 29:11 ಬಂದ್ರೆ ಖುಷಿಯೋ ಖುಷಿ. ಈ ವರ್ಷ ಕೆಲಸ ಆಯ್ತು, ಮದುವೆ ಆಯ್ತು ಅಂದ್ಕೊಂಡು ಸ್ಟೇಟಸ್ ಹಾಕಿಬಿಡ್ತೀವಿ. ಡಿಸೆಂಬರ್ ಮತ್ತೆ ಬಂದಾಗ ಏನೂ ಆಗಿರದಿದ್ರೆ, ನನ್ನ ನಂಬಿಕೆಯೇ ಸಾಲದು ಅಂತ ಒಳಗೊಳಗೇ ಕುಗ್ಗಿಹೋಗೋರು ಎಷ್ಟು ಜನ!

ಪ್ರಿಯರೇ, ಅದರ ಹಿಂದಿನ ವಚನ ಓದಿದ್ದೀರಾ? ಅಲ್ಲಿರೋದು 70 ವರ್ಷದ ಲೆಕ್ಕ.

ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರ. ಎರಡೇ ವರ್ಷದಲ್ಲಿ ವಾಪಸ್ ಬರ್ತಾರೆ ಅಂತ ಹನನ್ಯ ಸಾರಿದ್ದ. ಕೇಳೋಕೆ ಇಂಪು, ಆದ್ರೆ ಸುಳ್ಳು. ಯೆರೆಮೀಯ ಬರೆದದ್ದೇ ಬೇರೆ: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಯಾಗಿರೋ ಆ ಊರಿಗಾಗಿಯೇ ಪ್ರಾರ್ಥಿಸಿ. ಆ ಪತ್ರ ಕೇಳಿದ ಎಷ್ಟೋ ಜನ ಯೆರೂಸಲೇಮ್ ನೋಡದೇ ತೀರಿಹೋದರು. ಆದ್ರೂ ದೇವರು ಮಾತು ತಪ್ಪಲಿಲ್ಲ.

ಗೆತ್ಸೇಮನೆಯಲ್ಲಿ ಯೇಸು ಸ್ವಾಮಿಯೂ ತಮಗೆ ಬೇಕಾದ್ದನ್ನ ಮುಚ್ಚಿಡದೆ ಕೇಳಿದರು, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟರು. ಶಿಲುಬೆ ತಪ್ಪಲಿಲ್ಲ. ನಾವು ನಂಬಿರೋದು ಅಂಥವರನ್ನ.

ಕಾರ್ಡ್ ತೆಗೆಯೋದು ತಪ್ಪು ಅಂತ ನಾನು ಹೇಳ್ತಿಲ್ಲ. ಬೇಕಾದ ವಚನ ಬರೋವರೆಗೂ ಮತ್ತೆ ಮತ್ತೆ ತೆಗೆದ್ರೆ, ಅದಕ್ಕೂ ಗಿಳಿಶಾಸ್ತ್ರಕ್ಕೂ ಏನು ವ್ಯತ್ಯಾಸ? ಕ್ರಿಸ್ತನು ನಡೆಸಲಿ ಅಂತ ಬೇಡುವವರು, ನಾಳೆ ಏನಾಗುತ್ತೋ ಗೊತ್ತಿಲ್ಲದಿದ್ರೂ, ಇವತ್ತಿನ ಕೆಲಸವನ್ನ ಪ್ರಾಮಾಣಿಕವಾಗಿ ಮಾಡಬೇಕು.

ಇವತ್ತು ಯೆರೆಮೀಯ 29ನೇ ಅಧ್ಯಾಯ 1ರಿಂದ 14ರವರೆಗೆ ನಿಧಾನವಾಗಿ ಓದಿ. ಉತ್ತರಕ್ಕಾಗಿ ವರ್ಷಗಟ್ಟಲೆ ಕಾಯ್ತಿರೋ ಒಬ್ಬರಿಗೆ ಇದನ್ನ ಕಳಿಸಿ. 🙏

#ಕನ್ನಡಕ್ರೈಸ್ತರು #ದಿನಕ್ಕೊಂದುವಚನ