ಹೈವೇಯ ಬಲ ಲೇನ್ ನಿಜಕ್ಕೂ ಯಾರದು?

‘ಬಲಗಡೆಯದು ಫಾಸ್ಟ್ ಲೇನ್, ಸ್ಪೀಡಾಗಿ ಹೋಗುವವರು ಅಲ್ಲೇ ಇರಬೇಕು’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದು ತಪ್ಪು ತಿಳಿವಳಿಕೆ. ನಾಲ್ಕು ಪಥದ ರಸ್ತೆಯಲ್ಲಿ ಎಡ ಲೇನ್ ಓಡಾಟಕ್ಕೆ, ಬಲ ಲೇನ್ ಓವರ್‌ಟೇಕ್ ಮಾಡಲು. ಹಿಂದಿಕ್ಕಿದ ಮೇಲೆ ಎಡಕ್ಕೆ ಮರಳಬೇಕು, ನಿಮ್ಮ ವೇಗ ಎಷ್ಟೇ ಇರಲಿ.

ಕುಷ್ಟಗಿಯಿಂದ ಹೊಸಪೇಟೆಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೋಗುವಾಗ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ನೋಡಿ. ಲೋಡಾದ ಲಾರಿ ಬಲ ಲೇನಿನಲ್ಲಿ ನಿಧಾನಕ್ಕೆ ಸಾಗುತ್ತಿರುತ್ತದೆ, ಕಾರುಗಳು ಎಡದಿಂದ ನುಸುಳುತ್ತವೆ. ಲಾರಿಯವರನ್ನು ಬೈಯುವುದು ಸುಲಭ. ಆದರೆ ಎಡ ಲೇನಿನಲ್ಲಿ ನಿಂತ ಟ್ರ್ಯಾಕ್ಟರ್, ಒಣಹಾಕಿದ ಮೆಕ್ಕೆಜೋಳ, ಎದುರಿಗೇ ಬರುವ ಬೈಕು ಇರುತ್ತವೆ. ಪ್ರತಿ ಸಲ ಬ್ರೇಕ್ ಹಾಕಿ ಮತ್ತೆ ವೇಗ ಹಿಡಿಯಲು ಡೀಸೆಲ್ ಸುಡಬೇಕು. ಅದಕ್ಕೇ ಅವರು ಬಲಕ್ಕೆ ಅಂಟಿಕೊಳ್ಳುತ್ತಾರೆ. ಅಪಾಯ ಮಾತ್ರ ಕಾರಿನವರಿಗೆ: ಲಾರಿ ಚಾಲಕ ಕೂರುವುದು ಬಲಗಡೆ, ಎಡ ಮಗ್ಗುಲಿಗೆ ಬಂದ ಸಣ್ಣ ವಾಹನ ಅವನಿಗೆ ಎಷ್ಟೋ ಸಲ ಕಾಣುವುದೇ ಇಲ್ಲ.

ಇನ್ನೊಂದು ಕಾರಣ ಹಳೆಯ ರೂಢಿ. ಗಂಗಾವತಿ, ಯಲಬುರ್ಗಾ ಕಡೆಯ ಹಳ್ಳಿ ರಸ್ತೆಗಳಲ್ಲಿ ಅಂಚು ಕಿತ್ತಿರುತ್ತದೆ, ನಡುವೆ ಓಡಿಸುವುದೇ ಜಾಣತನ. ಅಲ್ಲಿ ಕಲಿತ ಕೈ ಹೈವೇಗೆ ಬಂದರೂ ಡಿವೈಡರ್ ಪಕ್ಕವನ್ನೇ ಹುಡುಕುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ರಾಂಗ್ ಸೈಡ್. ‘ಇಲ್ಲೇ ಹೊಂಟೀನ್ರೀ, ದೂರಿಲ್ಲ’ ಅನ್ನುವ ಮಾತು ನಮ್ಮ ಕಡೆ ಮಾಮೂಲಿ. ಲೆಕ್ಕ ಹಾಕೋಣ. ಕಾರು ಗಂಟೆಗೆ 80 ಕಿ.ಮೀ., ಬೈಕು 40. ಎರಡೂ ಒಂದೇ ದಿಕ್ಕಿನಲ್ಲಿದ್ದರೆ 100 ಮೀಟರ್ ಅಂತರ ಮುಚ್ಚಲು 9 ಸೆಕೆಂಡು ಬೇಕು. ಎದುರುಬದುರಾದರೆ ಬರೀ 3 ಸೆಕೆಂಡು. ಕಣ್ಣಿಗೆ ಬಿದ್ದು, ಕಾಲು ಬ್ರೇಕ್ ಮುಟ್ಟುವಷ್ಟರಲ್ಲೇ ಅದರಲ್ಲಿ ಒಂದೂವರೆ ಸೆಕೆಂಡು ಹೋಗಿರುತ್ತದೆ. ರಾತ್ರಿ, ಹೆಡ್‌ಲೈಟ್ ಇಲ್ಲದ ಟ್ರ್ಯಾಕ್ಟರ್ ಆದರೆ ಅಷ್ಟೂ ಸಿಗುವುದಿಲ್ಲ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಇದನ್ನು ‘ಅಪಾಯಕಾರಿ ಚಾಲನೆ’ ಎಂದೇ ಎಣಿಸುತ್ತದೆ: ಮೊದಲ ಸಲಕ್ಕೆ 1,000ದಿಂದ 5,000 ರೂ. ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದಲ್ಲಿ 1,68,491 ಮಂದಿ ರಸ್ತೆ ಅಪಘಾತಗಳಲ್ಲಿ ಸತ್ತರು. ಒಟ್ಟು ರಸ್ತೆಯ ಉದ್ದದಲ್ಲಿ ಸುಮಾರು ಶೇ 2 ಮಾತ್ರ ಇರುವ ರಾಷ್ಟ್ರೀಯ ಹೆದ್ದಾರಿಗಳಲ್ಲೇ ಅವರಲ್ಲಿ ಶೇ 36ರಷ್ಟು ಜನ.

ದಂಡವೊಂದರಿಂದಲೇ ಇದು ನಿಲ್ಲದು. ಹೊಲ ರಸ್ತೆಯ ಆಚೆ, ಮನೆ ಈಚೆ, ಡಿವೈಡರ್ ತೆರವು ಎಲ್ಲೋ ದೂರ. ಸುತ್ತಿ ಬರಲು ಪೆಟ್ರೋಲ್ ಬೇಕು, ಎತ್ತಿನ ಗಾಡಿಯಾದರೆ ಅರ್ಧ ತಾಸು. ಊರಿನ ಉದ್ದಕ್ಕೂ ಸರ್ವಿಸ್ ರಸ್ತೆ, ಕೆಳಸೇತುವೆ ಕೇಳಿ ಗ್ರಾಮ ಪಂಚಾಯಿತಿ ಹೆದ್ದಾರಿ ಪ್ರಾಧಿಕಾರಕ್ಕೆ ಬರೆಯಬಹುದು.